ಬೆಳಗ್ಗೆ 5ಕ್ಕೆ ಎದ್ರೂ ಮುಖ್ಯ ಕೆಲಸ ಶುರುವಾಗೋದು ಮಧ್ಯಾಹ್ನ 3ಕ್ಕೇ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಮನೆಯಿಂದಲೇ ಕೆಲಸ, ಇಷ್ಟೊತ್ತಿಗೆ ಕೂರ್ಬೇಕು ಅಂತ ಏನಿಲ್ಲ, ವಾರಕ್ಕೆ ಎರಡ್ಮೂರು ರಿಪೋರ್ಟ್ ಬರೆದು ಕೊಡ್ಬೇಕು ಅಷ್ಟೇ. ಒಂದೂವರೆ ವರ್ಷದಿಂದ ಮಾರ್ನಿಂಗ್ ರೊಟೀನ್ ಸರಿ ಮಾಡ್ಕೊಳ್ಳೋಕೆ ಒದ್ದಾಡ್ತಿದೀನಿ. 5 ಗಂಟೆಗೆ ಅಲಾರಂ, ಎದ್ದು ನೀರು ಕುಡಿಯೋದು, ಧ್ಯಾನ, ವ್ಯಾಯಾಮ, ತಣ್ಣೀರು ಸ್ನಾನ, ಡೈರಿ ಬರೆಯೋದು, 20 ಪುಟ ಓದೋದು, ಆಮೇಲೆ ದಿನದ ಪ್ಲಾನ್. ನಾಲ್ಕೈದು ದಿನ ಸೂಪರಾಗಿ ನಡಿಯತ್ತೆ, ಒಂದಿನ ತಪ್ತು ಅಂದ್ರೆ ಅಲ್ಲಿಗೆ ಮುಗೀತು, ಮುಂದಿನ ಎರಡು ವಾರ 9ರವರೆಗೂ ಹಾಸಿಗೆ ಬಿಡಲ್ಲ. ವಿಚಿತ್ರ ಅಂದ್ರೆ ರೊಟೀನ್ ಪೂರ್ತಿ ಮಾಡಿದ ದಿನಾನೂ ರಿಪೋರ್ಟ್ ಮುಟ್ಟೋದು ಮಧ್ಯಾಹ್ನ 3ರ ಮೇಲೇನೇ, ಅದೂ ಭಯಕ್ಕೆ. ಕಳ್ಸಿದ ರಿಪೋರ್ಟ್ ಯಾವಾಗ್ಲೂ ತಿದ್ದುಪಡಿ ತುಂಬ್ಕೊಂಡು ವಾಪಸ್ ಬರತ್ತೆ, ಅದು ಬೇರೆ ವಿಷ್ಯ ಬಿಡಿ. ರಾತ್ರಿ ಮಲಗೋದು 12:30, ಒಂದೊಂದ್ಸಲ 1 ಗಂಟೆ, ಅಲ್ಲಿವರೆಗೂ ಕೈಯಲ್ಲಿ ಫೋನು. 21 ದಿನ ಹಠ ಹಿಡಿದ್ರೆ ಅಭ್ಯಾಸ ಆಗತ್ತಂತಲ್ಲ, ನಿಜಾನಾ? ನನಗೆ ಸರಿಹೋಗೋ ರೊಟೀನ್ ಯಾವ್ದು? ಇಲ್ಲಾ ನಾನು ಹುಟ್ಟಾ ಸೋಮಾರಿನಾ?

ಉತ್ತರ: ಕೊನೇ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ಬಿಡ್ತೀನಿ. ಸೋಮಾರಿಗಳು ಒಂದೂವರೆ ವರ್ಷ ಒದ್ದಾಡಲ್ಲ. ಕೆಲಸ ಮಾಡಕ್ಕೆ ಮನಸ್ಸಿಲ್ಲ, ಮಾಡ್ದೇ ಇದ್ರೆ ಬೇಜಾರೂ ಇಲ್ಲ, ಆರಾಮಾಗಿದೀನಿ ಅನ್ನೋರನ್ನ ಬೇಕಾದ್ರೆ ಸೋಮಾರಿ ಅನ್ನಿ. ನಿಮ್ದು ಹಂಗಲ್ಲ, ಕೆಲಸ ಮಾಡ್ಬೇಕು ಅಂತ ಇದೆ, ಮಾಡ್ದೇ ಇದ್ರೆ ನಷ್ಟ ಅಂತಾನೂ ಗೊತ್ತಿದೆ, ಆದ್ರೂ ಮುಂದೂಡ್ತೀರಿ, ಮುಂದೂಡಿದ್ದಕ್ಕೆ ದಿನವಿಡೀ ನಿಮ್ಮನ್ನ ನೀವೇ ಬೈಕೊಳ್ತೀರಿ. ಮನಃಶಾಸ್ತ್ರದಲ್ಲಿ ಪ್ರೊಕ್ರಾಸ್ಟಿನೇಶನ್ ಅನ್ನೋದು ಇದನ್ನೇ, ಇದಕ್ಕೂ ಸೋಮಾರಿತನಕ್ಕೂ ಸಂಬಂಧ ಕಮ್ಮಿ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಎರಡು ವಿಷ್ಯ. ಒಂದು, ರೊಟೀನ್ ಪೂರ್ತಿ ಮಾಡಿದ ದಿನಾನೂ ರಿಪೋರ್ಟ್ 3 ಗಂಟೆಗೇ ಶುರುವಾಗತ್ತೆ ಅಂದ್ರಿ. ಅಂದ್ರೆ ಬೆಳಗ್ಗೆ ಏಳೋದಕ್ಕೂ ರಿಪೋರ್ಟಿಗೂ ನಿಮ್ಮ ವಿಷ್ಯದಲ್ಲಿ ಅಂಥಾ ಸಂಬಂಧ ಇಲ್ಲ ಅಂತ ನೀವೇ ಕಂಡ್ಕೊಂಡಿದೀರಿ, ಆದ್ರೆ ಅದನ್ನ "ವಿಚಿತ್ರ" ಅಂತ ಪಕ್ಕಕ್ಕೆ ಇಟ್ಟಿದೀರಿ. ಎರಡನೇದು, ರಿಪೋರ್ಟ್ ತಿದ್ದುಪಡಿ ತುಂಬ್ಕೊಂಡು ವಾಪಸ್ ಬರೋದು "ಬೇರೆ ವಿಷ್ಯ" ಅಂದಿದೀರಿ. ನನ್ನ ಪ್ರಕಾರ ಅದು ಬೇರೆ ವಿಷ್ಯ ಅಲ್ಲ, ಅದೇ ವಿಷ್ಯ.

ಯಾಕೆ ಅಂತ ಹೇಳ್ತೀನಿ. ಮುಂದೂಡೋದು ಟೈಮ್ ಮ್ಯಾನೇಜ್ಮೆಂಟ್ ಸಮಸ್ಯೆ ಅಂತ ತುಂಬಾ ಜನ ತಿಳ್ಕೊಂಡಿದಾರೆ, ಹಂಗಾಗಿ ಪ್ಲಾನರ್ ತಗೊಳ್ತಾರೆ, ಆ್ಯಪ್ ಹಾಕ್ಕೊಳ್ತಾರೆ, ಅಲಾರಂ ಬೇಗ ಇಡ್ತಾರೆ. ಆದ್ರೆ ಫ್ಯೂಷಿಯಾ ಸಿರೋಯ್, ತಿಮೊಥಿ ಪಿಚಿಲ್ ಅನ್ನೋ ಸಂಶೋಧಕರು 2013ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನ ಮೂಡ್ ಸಮಸ್ಯೆ ಅಂತ ವಿವರಿಸಿದ್ರು, ನಾನು ದಿನಾ ನೋಡೋ ಕೇಸ್‌ಗಳಲ್ಲೂ ಅದೇ ಕಾಣತ್ತೆ. ಯಾವುದೋ ಒಂದು ಕೆಲಸ ನೆನಪಾದ ತಕ್ಷಣ ಒಳಗೊಂದು ಕಿರಿಕಿರಿ ಏಳತ್ತೆ, ಭಯ ಇರ್ಬಹುದು, ಬೋರ್ ಇರ್ಬಹುದು, ಅವಮಾನ ಆಗತ್ತೇನೋ ಅನ್ನೋ ಅಳುಕು ಇರ್ಬಹುದು, ಎಲ್ಲಿಂದ ಶುರು ಮಾಡ್ಬೇಕು ಅಂತಲೇ ಗೊತ್ತಾಗ್ದೇ ಇರ್ಬಹುದು. ಆ ಕೆಲಸ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದ ಕೂಡ್ಲೇ ಕಿರಿಕಿರಿ ಇಳಿಯತ್ತೆ, ಹಾಯ್ ಅನ್ಸತ್ತೆ. ಮೆದುಳು ಕಲಿಯೋದು ಇದನ್ನೇ, ಬಿಟ್ರೆ ಆರಾಮ್ ಅಂತ. ಮುಂದಿನ ಸಲ ಇನ್ನೂ ಬೇಗ ಬಿಡ್ತೀವಿ.

ನಿಮಗೆ ಪ್ರತೀ ರಿಪೋರ್ಟ್ ಹಿಂದೆ ಒಂದು ವಾಪಸ್ ಬರೋ ಫೈಲ್ ಕಾಯ್ತಾ ಇದೆ. ಫೈಲ್ ಓಪನ್ ಮಾಡೋದು ಅಂದ್ರೆ ಆ ಅನುಭವದ ಕಡೆಗೆ ನಡೆಯೋದು ಅಂತ ಮೈಗೆ ಗೊತ್ತಾಗ್ಬಿಟ್ಟಿದೆ. ಅದರಿಂದ ತಪ್ಪಿಸ್ಕೊಳ್ಳೋಕೆ ಕೆಲವರು ಫೋನ್ ಹಿಡೀತಾರೆ, ಕೆಲವರು ಮನೆ ಕ್ಲೀನ್ ಮಾಡ್ತಾರೆ, ನೀವು ಧ್ಯಾನ, ಡೈರಿ, 20 ಪುಟ, ಪ್ಲಾನಿಂಗ್ ಮಾಡ್ತೀರಿ. ಇದು ಕಹಿ ಮಾತು ಅನ್ಸಬಹುದು, ಆದ್ರೆ ನಿಮ್ಮ ಮಾರ್ನಿಂಗ್ ರೊಟೀನೇ ಮುಂದೂಡೋದರ ಒಂದು ರೂಪ ಆಗಿದೆ, ಮರ್ಯಾದಸ್ಥ ರೂಪ, ಯಾರೂ ಬೈಯಲ್ಲ, ನೀವೂ ಬೈಕೊಳ್ಳಲ್ಲ. ಎಲ್ಲಾ ಟಿಕ್ ಆದ್ಮೇಲೆ "ಇವತ್ತು ಎಷ್ಟೊಂದು ಮಾಡಿದೆ" ಅನ್ನೋ ತೃಪ್ತಿ ಬರತ್ತಲ್ಲ, ಆ ತೃಪ್ತಿ ಎರಡು ಮೂರು ಗಂಟೆ ರಿಪೋರ್ಟ್ ಮರೆಸತ್ತೆ. ಧ್ಯಾನ ವ್ಯಾಯಾಮ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಖಂಡಿತಾ ಮಾಡಿ, ಆದ್ರೆ ಅವು ರಿಪೋರ್ಟ್ ಬರೆಸ್ತವೆ ಅಂತ ಕಾಯ್ಬೇಡಿ.

ಇನ್ನು ನಂಬಿಕೆಗಳ ವಿಷ್ಯ. 21 ದಿನದ ಮಾತು ಎಲ್ಲಿಂದ ಬಂತು ಅಂತ ಕೇಳಿದ್ರೆ ನಗು ಬರತ್ತೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ರು, ಆಪರೇಶನ್ ಆದ್ಮೇಲೆ ಪೇಷೆಂಟ್‌ಗಳಿಗೆ ತಮ್ಮ ಹೊಸ ಮುಖ ಒಗ್ಗೋಕೆ ಕನಿಷ್ಠ 21 ದಿನ ಬೇಕಾಗತ್ತೆ ಅಂತ 1960ರಲ್ಲಿ ಬರೆದಿದ್ರು. ಬಾಯಿಂದ ಬಾಯಿಗೆ ಹೋಗ್ತಾ "ಕನಿಷ್ಠ" ಅನ್ನೋದು ಬಿದ್ದೋಯ್ತು, ಮುಖ ಅನ್ನೋದು ಅಭ್ಯಾಸ ಆಯ್ತು. ನಿಜವಾಗ್ಲೂ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತವರ ಜೊತೆಗಾರರು, 96 ಜನರನ್ನ 12 ವಾರ ಗಮನಿಸಿದ್ರು. ಒಂದು ಸಣ್ಣ ಅಭ್ಯಾಸ ತಾನಾಗೇ ಆಗೋ ಮಟ್ಟಕ್ಕೆ ಬರೋಕೆ ಮಧ್ಯಮ ಲೆಕ್ಕ 66 ದಿನ, ಆದ್ರೆ ಒಬ್ಬರಿಂದೊಬ್ಬರಿಗೆ 18 ದಿನದಿಂದ 254 ದಿನದವರೆಗೂ ವ್ಯತ್ಯಾಸ ಇತ್ತು (12 ವಾರ ಮೀರಿದ ಅಂಕಿಗಳು ಲೆಕ್ಕ ಹಾಕಿ ಅಂದಾಜು ಮಾಡಿದ್ದು). ಒಂದು ಲೋಟ ನೀರು ಕುಡಿಯೋದು ಬೇಗ ಅಂಟ್ಕೊಳ್ಳತ್ತೆ, ವ್ಯಾಯಾಮ ನಿಧಾನ. ನೀವು ಏಳು ಅಭ್ಯಾಸಾನ ಒಟ್ಟಿಗೆ, ಅದೂ ಅರ್ಧ ನಿದ್ದೇಲಿ ಕಟ್ಟೋಕೆ ಹೊರಟಿದ್ರಿ. ನಾಲ್ಕೈದು ದಿನ ನಡೆದಿದ್ದೇ ದೊಡ್ಡದು!

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ನಿಮಗೆ 66ಕ್ಕಿಂತ ಅದೇ ಮುಖ್ಯ. ಮಧ್ಯೆ ಒಂದಿನ ತಪ್ಪಿದ್ರೆ ಅಭ್ಯಾಸ ಬೆಳೆಯೋದಕ್ಕೆ ಹೇಳ್ಕೊಳ್ಳೋ ಹೊಡೆತ ಏನೂ ಬೀಳಲಿಲ್ಲ. ಅಂದ್ರೆ ನಿಮ್ಮನ್ನ ಕೆಡವ್ತಿರೋದು ತಪ್ಪಿದ ಆ ಒಂದು ದಿನ ಅಲ್ಲ, ತಪ್ಪಿದ ಮೇಲೆ "ಎಲ್ಲಾ ಹೋಯ್ತು" ಅನ್ಕೊಂಡು ಬಿಡೋ ಎರಡು ವಾರ. ಪರೀಕ್ಷೆಗೆ ಓದೋದು ಮುಂದೂಡಿದ ವಿದ್ಯಾರ್ಥಿಗಳ ಮೇಲೆ 2010ರಲ್ಲಿ ಒಂದು ಅಧ್ಯಯನ ಬಂತು, ಮೊದಲ ಪರೀಕ್ಷೆಗೆ ಮುಂದೂಡಿದ್ದಕ್ಕೆ ತಮ್ಮನ್ನ ತಾವೇ ಕ್ಷಮಿಸಿದೋರು ಮುಂದಿನ ಪರೀಕ್ಷೆಗೆ ಕಮ್ಮಿ ಮುಂದೂಡಿದ್ರು. ಬೈಕೊಂಡ್ರೆ ಬುದ್ಧಿ ಬರತ್ತೆ ಅಂತ ನಾವೆಲ್ಲ ಬೆಳೆದಿದೀವಿ, ಆದ್ರೆ ಬೈಕೊಂಡಷ್ಟೂ ಆ ಕೆಲಸದ ಜೊತೆ ಇನ್ನೊಂದಿಷ್ಟು ಕೆಟ್ಟ ಭಾವನೆ ಅಂಟತ್ತೆ, ಇನ್ನಷ್ಟು ದೂರ ಓಡ್ತೀವಿ.

"ನನಗೆ ಪ್ರೆಶರ್ ಇದ್ರೇನೇ ಚೆನ್ನಾಗಿ ಕೆಲಸ ಆಗೋದು" ಅಂತ ನೀವು ಬರೆದಿಲ್ಲ, ಆದ್ರೆ 3 ಗಂಟೆಗೆ ಭಯಕ್ಕೆ ಕೂರೋರು ಒಂದಿನ ಅಲ್ಲಿಗೇ ಬರ್ತಾರೆ, ಅದಕ್ಕೆ ಈಗ್ಲೇ ಹೇಳ್ತೀನಿ. 1997ರಲ್ಲಿ ಟೈಸ್ ಮತ್ತು ಬೌಮೈಸ್ಟರ್ ಅನ್ನೋರು ಒಂದು ಸೆಮಿಸ್ಟರ್ ಪೂರ್ತಿ ವಿದ್ಯಾರ್ಥಿಗಳನ್ನ ನೋಡಿದ್ರು. ಮುಂದೂಡೋರಿಗೆ ಶುರುವಿನಲ್ಲಿ ಟೆನ್ಷನ್ ಕಮ್ಮಿ, ಆರೋಗ್ಯಾನೂ ಚೆನ್ನಾಗಿತ್ತು, ಕೊನೇಲಿ ಎರಡೂ ಉಲ್ಟಾ ಆಯ್ತು, ಮಾರ್ಕ್ಸೂ ಕಮ್ಮಿ ಬಂತು. ನಿಮ್ಮ ರಿಪೋರ್ಟ್‌ಗಳು ತಿದ್ದುಪಡಿ ಜೊತೆ ವಾಪಸ್ ಬರೋದಕ್ಕೆ ಅರ್ಧ ಕಾರಣ ಅವುಗಳನ್ನ ಕೊನೇ ಗಂಟೇಲಿ ಬರೆಯೋದೇ ಇರ್ಬಹುದು, ತಿದ್ದುಪಡಿ ಬರತ್ತೆ ಅನ್ನೋ ಭಯಕ್ಕೆ ಮತ್ತೆ ಮುಂದೂಡೋದು, ಮುಂದೂಡಿದ್ದಕ್ಕೆ ಮತ್ತೆ ತಿದ್ದುಪಡಿ, ಹಿಂಗೆ ಸುತ್ತು.

ಇನ್ನು 5 ಗಂಟೆ. ಬೇಗ ಏಳೋದ್ರಲ್ಲಿ ತಪ್ಪಿಲ್ಲ, ಬೇಗ ಮಲಗೋರಿಗೆ. 12:30ಕ್ಕೆ ಮಲಗಿ 5ಕ್ಕೆ ಎದ್ರೆ ನಾಲ್ಕೂವರೆ ಗಂಟೆ ನಿದ್ದೆ, ದೊಡ್ಡವರಿಗೆ ಕನಿಷ್ಠ 7 ಬೇಕು. ದಿನಾ 6 ಗಂಟೆ ಅಥ್ವಾ ಇನ್ನೂ ಕಮ್ಮಿ ಮಲಗಿಸಿ ಎರಡು ವಾರ ಪರೀಕ್ಷೆ ಮಾಡಿದ ಒಂದು ಪ್ರಯೋಗ 2003ರಲ್ಲಿ ಪ್ರಕಟ ಆಯ್ತು, ಕೊನೆಗೆ ಅವರ ಗಮನ, ನೆನಪಿನ ಶಕ್ತಿ ಒಂದೆರಡು ರಾತ್ರಿ ಕಣ್ಣೇ ಮುಚ್ಚದೇ ಇದ್ದೋರ ಮಟ್ಟಕ್ಕೆ ಇಳಿದಿತ್ತು. ಭಯ ಆಗೋದು ಏನಂದ್ರೆ ಅವರಿಗೆ ತಮಗೆ ಅಷ್ಟು ಕೆಟ್ಟಿದೆ ಅಂತ ಗೊತ್ತೇ ಆಗ್ತಿರಲಿಲ್ಲ, ಸ್ವಲ್ಪ ನಿದ್ದೆ ಬರ್ತಿದೆ ಅಷ್ಟೇ ಅಂದ್ಕೊಂಡಿದ್ರು. ಹಂಗಿರೋವಾಗ ನಿದ್ದೆಗೆಟ್ಟ ತಲೆಗೆ ಅತೀ ಕಷ್ಟ ಆಗೋದು ಯಾವ್ದು ಗೊತ್ತಾ, ಕಿರಿಕಿರಿ ಆಗೋ ಕೆಲಸಕ್ಕೆ ಕೂರೋದು. ಹಂಗಾಗಿ 5 ಗಂಟೆ ಅಲಾರಂ ನಿಮ್ಮ ಸಮಸ್ಯೇನ ಜಾಸ್ತಿ ಮಾಡ್ತಿದೆ. ಐದನೇ ದಿನ ಮೈ ಸೋತು ಸಾಲ ವಸೂಲಿ ಮಾಡತ್ತೆ, ನೀವದನ್ನ ಶಿಸ್ತಿಲ್ಲ ಅಂತೀರಿ.

ಎಲ್ರೂ ಬೆಳಗಿನ ಜೀವಿಗಳೂ ಅಲ್ಲ. ಮೈಯೊಳಗೊಂದು ಗಡಿಯಾರ ಇದೆ, ಅದು ನಡಿಯೋ ರೀತಿ ಕಂಡುಹಿಡಿದ ಮೂವರಿಗೆ 2017ರ ನೊಬೆಲ್ ಬಂತು. ಆ ಗಡಿಯಾರ ಕೆಲವರಿಗೆ ಮುಂದೆ, ಕೆಲವರಿಗೆ ಹಿಂದೆ, ಸ್ವಲ್ಪ ಮಟ್ಟಿಗೆ ಹುಟ್ಟಿನಿಂದ, ಸ್ವಲ್ಪ ವಯಸ್ಸಿನಿಂದ. ಹರೆಯದಲ್ಲಿ ತಡವಾಗ್ತಾ ಹೋಗತ್ತೆ, 20ರ ಆಸುಪಾಸು ಅತೀ ತಡ, ಆಮೇಲೆ ನಿಧಾನಕ್ಕೆ ಹಿಂದಕ್ಕೆ ಬರತ್ತೆ. ನೀವು ಯಾವ ಗುಂಪು ಅಂತ ತಿಳಿಯೋಕೆ ಟೆಸ್ಟ್ ಬೇಡ, ಅಲಾರಂ ಇಲ್ದೇ ಇರೋ ರಜೇಲಿ, ಮೊದಲ ಮೂರ್ನಾಲ್ಕು ದಿನ ಸಾಲದ ನಿದ್ದೆ ತೀರಿದ ಮೇಲೆ, ತಾನಾಗೇ ಯಾವಾಗ ಮಲಗ್ತೀರಿ ಯಾವಾಗ ಏಳ್ತೀರಿ ನೋಡಿ.

ಸರಿ, ಏನ್ ಮಾಡ್ಬಹುದು? ನಿಮ್ಮ ಮುಂದೆ ಮೂರು ದಾರಿ ಕಾಣತ್ತೆ, ಒಂದೊಂದರದ್ದೂ ಅಪಾಯ ಜೊತೇಲೇ ಹೇಳ್ತೀನಿ.

ನನಗಿಷ್ಟ ಆಗೋದು ಮೊದಲನೇದು. 7 ಅಥವಾ ಏಳೂವರೆಗೆ ಏಳಿ, ರಜಾ ದಿನಾನೂ ಅದರ ಆಚೀಚೆ ಒಂದು ಗಂಟೆಯೊಳಗೆ. ಎದ್ದ ತಕ್ಷಣ ಏನೂ ನಿರ್ಧಾರ ಬೇಡ, ಎದ್ದ ಮೇಲೆ 15 ರಿಂದ 30 ನಿಮಿಷ ತಲೆ ಮಂಕಾಗಿರೋದು ಸಹಜ, ನಿದ್ದೆ ಕಮ್ಮಿ ಆಗಿದ್ರೆ ಇನ್ನೂ ಹೊತ್ತು ಇರತ್ತೆ. ಆ ಹೊತ್ತಲ್ಲಿ ಮುಖ ತೊಳ್ದು ಹತ್ತು ಹದಿನೈದು ನಿಮಿಷ ಹೊರಗಡೆ ಬೆಳಕಲ್ಲಿ ಓಡಾಡಿ. ಮೋಡ ಇದ್ರೂ ಪರವಾಗಿಲ್ಲ, ಮನೆಯೊಳಗಿನ ಲೈಟು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಅಷ್ಟೇ, ಮೋಡದ ದಿನದ ಹೊರಗಿನ ಬೆಳಕೂ ಸಾವಿರಗಟ್ಟಲೆ ಲಕ್ಸ್ ಇರತ್ತೆ, ಮೈ ಗಡಿಯಾರಾನ ಬೇಗದ ಕಡೆ ತಿರುಗಿಸೋಕೆ ಇದರಷ್ಟು ಅಗ್ಗದ ಉಪಾಯ ಇಲ್ಲ. ವಾಪಸ್ ಬಂದ್ಮೇಲೆ ನೇರ ರಿಪೋರ್ಟ್ ಫೈಲ್. ಡೈರಿಗಿಂತ ಮುಂಚೆ, ಮೇಲ್‌ಗಿಂತ ಮುಂಚೆ, ಪ್ಲಾನಿಂಗ್‌ಗಿಂತ ಮುಂಚೆ. 15 ನಿಮಿಷ ಸಾಕು. ಚೆನ್ನಾಗಿ ಬರೀಬೇಕು ಅಂತಿಲ್ಲ, ಕೆಟ್ಟದಾಗಿ ಬರೀರಿ, ಅರ್ಧ ವಾಕ್ಯಗಳು, ಮೂರು ಹೆಡ್ಡಿಂಗು, "ಇಲ್ಲಿ ಅಂಕಿಅಂಶ ಬರ್ಬೇಕು" ಅಂತ ಒಂದು ಸಾಲು, ಏನಾದ್ರೂ. 15 ನಿಮಿಷ ಆದ್ಮೇಲೆ ನಿಲ್ಲಿಸೋ ಹಕ್ಕು ನಿಮಗಿದೆ, ನಿಜವಾಗ್ಲೂ ನಿಲ್ಲಿಸ್ಬಹುದು. ಮೂಡ್ ಬಂದ್ಮೇಲೆ ಕೂರ್ತೀನಿ ಅಂತೀವಲ್ಲ, ಎಷ್ಟೋ ಸಲ ಕೂತ್ಮೇಲೇನೇ ಮೂಡ್ ಬರೋದು, ಅತೀ ಕಷ್ಟ ಇರೋದು ಫೈಲ್ ಓಪನ್ ಆಗೋಕೆ ಮುಂಚಿನ ಎರಡು ನಿಮಿಷ.

ಇದನ್ನ ಮನಸ್ಸಲ್ಲಿ "ನಾಳೆ ಬೇಗ ಶುರು ಮಾಡ್ತೀನಿ" ಅಂತ ಇಟ್ಕೊಂಡ್ರೆ ಆಗಲ್ಲ. "ಹೊರಗಿಂದ ಬಂದು ಚಪ್ಪಲಿ ಬಿಟ್ಟ ಕೂಡ್ಲೇ ಟೇಬಲ್ ಹತ್ರ ಹೋಗಿ ಆ ಫೈಲ್ ತೆಗೀತೀನಿ" ಅಂತ, ಯಾವಾಗ, ಎಲ್ಲಿ, ಏನು ಅನ್ನೋ ಮೂರೂ ಒಂದೇ ವಾಕ್ಯದಲ್ಲಿ ಬರ್ಬೇಕು. ಪೀಟರ್ ಗೋಲ್‌ವಿಟ್ಸರ್ ಅನ್ನೋ ಮನಃಶಾಸ್ತ್ರಜ್ಞರು ದಶಕಗಳಿಂದ ಇದನ್ನೇ ಅಧ್ಯಯನ ಮಾಡಿದಾರೆ, 2006ರಲ್ಲಿ 94 ಅಧ್ಯಯನಗಳನ್ನ ಒಟ್ಟಿಗೆ ಸೇರ್ಸಿ ನೋಡಿದಾಗ್ಲೂ ಬರೀ ಸಂಕಲ್ಪಕ್ಕಿಂತ ಇಂಥಾ ಪ್ಲಾನ್ ಚೆನ್ನಾಗಿ ಕೆಲಸ ಮಾಡಿತ್ತು. ಅಡ್ಡಿಗೂ ಒಂದು ವಾಕ್ಯ ಇಟ್ಕೊಳ್ಳಿ, "ಫೋನ್ ಕೈಗೆ ಬಂದ್ರೆ ಪಕ್ಕದ ರೂಮಲ್ಲಿ ಇಟ್ಟು ಬರ್ತೀನಿ" ಅಂತ. ಆ 15 ನಿಮಿಷ ಮುಗಿದ್ಮೇಲೆ ನಿಮ್ಮ ಧ್ಯಾನ, ವ್ಯಾಯಾಮ, ಯಾವ್ದು ಇಷ್ಟಾನೋ ಒಂದು, ಏಳೂ ಅಲ್ಲ. ತಣ್ಣೀರು ಸ್ನಾನ ಇಷ್ಟ ಇದ್ರೆ ಮಾಡಿ, ಇಲ್ದಿದ್ರೆ ಅದನ್ನ ಬಿಟ್ಟಿದ್ದಕ್ಕೆ ಯಾವ ರಿಪೋರ್ಟೂ ನಿಲ್ಲಲ್ಲ, ಹಾರ್ಟ್ ತೊಂದರೆ ಅಥವಾ ಬಿಪಿ ಇದ್ರೆ ಡಾಕ್ಟರನ್ನ ಕೇಳ್ದೆ ಬೇಡ್ವೇ ಬೇಡ.

ಈ ದಾರೀಲಿ ಅಪಾಯ ಏನಂದ್ರೆ 15 ನಿಮಿಷ ಚೆನ್ನಾಗಿ ಹೋದ ಖುಷಿಗೆ ಮಾರನೇ ದಿನ ಒಂದು ಗಂಟೆ ಅಂತ ಏರ್ಸ್ತೀರಿ, ಆಮೇಲೆ ಎರಡು ಗಂಟೆ, ಮತ್ತೆ ಅದೇ ಹೊರೆ. ಕನಿಷ್ಠ ಒಂದು ತಿಂಗಳು ಗುರಿ 15ರಲ್ಲೇ ಇರ್ಲಿ, ಜಾಸ್ತಿ ಆದ್ರೆ ಅದು ಬೋನಸ್. ಎರಡನೇ ಅಪಾಯ, ಶುರುವಿನ ಒಂದು ವಾರ ಬೆಳಗ್ಗೆ ಬೆಳಗ್ಗೇನೇ ಆ ಕಿರಿಕಿರಿ ಎದುರಿಸ್ಬೇಕಾಗತ್ತೆ, ದಿನ ಕೆಟ್ಟದಾಗಿ ಶುರುವಾಯ್ತು ಅನ್ಸತ್ತೆ. ಅದು ಇರತ್ತೆ. ಮೊದಲಿಗಿಂತ ಬೇಗ ಇಳಿಯತ್ತೆ.

ಎರಡನೇ ದಾರಿ, ನಿಮಗೆ 5 ಗಂಟೆನೇ ಬೇಕು, ಆ ಹೊತ್ತಿನ ನಿಶ್ಶಬ್ದ ಇಷ್ಟ ಅನ್ನೋದಾದ್ರೆ. ಆಗ ಅಲಾರಂ ಬಿಟ್ಟು ಮಲಗೋ ಟೈಮ್ ಹಿಡೀಬೇಕು, ಮಲಗೋದು ಏಳೋದು ಎರಡನ್ನೂ 15 ನಿಮಿಷದಂತೆ ಹಿಂದಕ್ಕೆ, ನಾಲ್ಕೈದು ದಿನಕ್ಕೊಂದ್ಸಲ. 12:30ರಿಂದ 10ರ ಒಳಗೆ ಬರ್ಬೇಕು ಅಂದ್ರೆ ಒಂದೂವರೆ ಎರಡು ತಿಂಗಳ ಕೆಲಸ. ಇದ್ರ ಬೆಲೆ ಸಂಜೆಗಳು, ಮನೆಯವರ ಜೊತೆ, ಸ್ನೇಹಿತರ ಜೊತೆ ಕಳೆಯೋ ಹೊತ್ತು ಕಮ್ಮಿ ಆಗತ್ತೆ, ನಿಮ್ಮ ಗಡಿಯಾರ ತಡದ್ದಾಗಿದ್ರೆ ಒಂದು ಮದುವೆ ಒಂದು ಪ್ರಯಾಣ ಸಾಕು, ಎಲ್ಲಾ ವಾಪಸ್ ಜಾರತ್ತೆ. ನಿಮಗೆ ಇದು ಅಗತ್ಯ ಅಂತ ನನಗೆ ಅನ್ಸಲ್ಲ.

ಮೂರನೇದು, ಬೆಳಗಿನ ಜೊತೆ ಜಗಳಾನೇ ಬಿಟ್ಟು, ರಿಪೋರ್ಟ್‌ಗೆ ಮಧ್ಯಾಹ್ನ ಅಥ್ವಾ ಸಂಜೆ ಒಂದು ಹೊತ್ತು ಗಟ್ಟಿ ಮಾಡೋದು. ನಿಮ್ಮ ಕೆಲಸಕ್ಕೆ ಟೈಮಿನ ಕಟ್ಟುಪಾಡು ಇಲ್ಲ ಅಂದ್ರಿ, ಹಂಗಾಗಿ ಇದಕ್ಕೂ ಜಾಗ ಇದೆ, ನಿಜವಾದ ತಡ ಗಡಿಯಾರದವರಿಗೆ ಇದೇ ಒಳ್ಳೇದು. ಅಪಾಯ ಸ್ಪಷ್ಟ, ದಿನ ಹೋಗ್ತಾ ಫೋನ್ ಬರತ್ತೆ, ಬೇರೆಯವರ ಕೆಲಸ ಬರತ್ತೆ, "ಆಮೇಲೆ" ಅನ್ನೋಕೆ ನೂರು ನೆಪ ಸಿಗತ್ತೆ. ಈ ದಾರಿ ಹಿಡಿದೋರು ಒಬ್ಬರೇ ಕೂರ್ಬೇಡಿ, ಇನ್ನೊಬ್ಬರು ತಮ್ಮ ಕೆಲಸ ಮಾಡ್ಕೊಂಡು ಎದುರಿಗೆ ಕೂತಿದ್ರೆ, ವಿಡಿಯೋ ಕಾಲಲ್ಲಾದ್ರೂ, ತುಂಬಾ ಜನಕ್ಕೆ ಶುರು ಮಾಡೋದು ಸುಲಭ ಆಗತ್ತೆ, ಹರಟೆಗೆ ಇಳಿಯೋರ ಜೊತೆ ಮಾತ್ರ ಬೇಡ.

ರಾತ್ರಿ ಬಗ್ಗೆ ಸ್ವಲ್ಪ. ನೀವು 12:30ರವರೆಗೂ ಫೋನ್ ಹಿಡಿಯೋದು ಬರೀ ಚಟ ಅಂತ ನನಗನ್ಸಲ್ಲ. 3 ಗಂಟೆಯಿಂದ ರಾತ್ರಿವರೆಗೂ ಭಯದಲ್ಲಿ ಕೆಲಸ ಮಾಡಿದೋರಿಗೆ "ನನ್ನ ಟೈಮ್" ಅಂತ ಸಿಗೋದೇ ಆಗ, ಬಿಟ್ಟುಕೊಡೋಕೆ ಮನಸ್ಸಾಗಲ್ಲ. ಕೆಲಸ ಸ್ವಲ್ಪ ಬೇಗ ಶುರುವಾಗಿ ಸಂಜೆ ಒಂದು ಗಂಟೆ ತಪ್ಪಿತಸ್ಥ ಭಾವನೆ ಇಲ್ಲದ ಬಿಡುವು ಸಿಕ್ರೆ ಇದು ತಾನಾಗೇ ಸಡಿಲ ಆಗೋದನ್ನ ನೋಡಿದೀನಿ. ಅಲ್ಲಿವರೆಗೆ ಎರಡು ಕೆಲಸ ಮಾಡಿ. ಚಾರ್ಜರ್ ಬೇರೆ ರೂಮಲ್ಲಿರ್ಲಿ. ಮಲಗೋ ಮುಂಚೆ 5 ನಿಮಿಷ ನಾಳೆ ಮಾಡೋದನ್ನ ಪೇಪರ್ ಮೇಲೆ ಬರೀರಿ, ಮೊದಲ ಸಾಲು ರಿಪೋರ್ಟಿನ ಯಾವ ಪ್ಯಾರಾ ಅಂತ ಇರ್ಬೇಕು. 2018ರ ಒಂದು ಪ್ರಯೋಗದಲ್ಲಿ ಮಲಗೋ ಮುಂಚೆ ಮುಂದೆ ಮಾಡ್ಬೇಕಾದ ಕೆಲಸಗಳ ಪಟ್ಟಿ ಬರೆದೋರು, ಮುಗಿಸಿದ ಕೆಲಸಗಳನ್ನ ಬರೆದೋರಿಗಿಂತ ಬೇಗ ನಿದ್ದೆಗೆ ಜಾರಿದ್ರು. ಕಾಫಿ ಕುಡಿಯೋರಾದ್ರೆ ಮಧ್ಯಾಹ್ನಕ್ಕೇ ನಿಲ್ಲಿಸಿ, ಅದರ ಅರ್ಧ ಭಾಗ ಮೈಯಿಂದ ಹೋಗೋಕೇ ಸುಮಾರು 5 ಗಂಟೆ ಬೇಕು.

ಇಷ್ಟೆಲ್ಲ ಆದ್ರೂ ಮೂಲ ಉಳಿಯತ್ತೆ, ಆ ತಿದ್ದುಪಡಿಗಳು. ವಾಪಸ್ ಬಂದ ಹಳೇ ನಾಲ್ಕೈದು ರಿಪೋರ್ಟ್ ಒಟ್ಟಿಗೆ ಇಟ್ಕೊಂಡು ಒಂದು ಸಲ ತಣ್ಣಗೆ ಕೂತು ನೋಡಿ, ನನ್ನ ಹತ್ರ ಬರೋರಿಗೆ ಇದನ್ನ ನಾನು ಜೊತೆಗೆ ಕೂತು ಮಾಡಿಸ್ತೀನಿ, ಸಾಮಾನ್ಯವಾಗಿ 40 ತಿದ್ದುಪಡಿ ಅಂತ ಕಾಣೋದು ಮೂರು ನಾಲ್ಕು ಥರದ್ದೇ ಆಗಿರತ್ತೆ. ಆಮೇಲೆ ನಿಮ್ಮ ಮೇಲಿನವರಿಗೆ ಪೂರ್ತಿ ರಿಪೋರ್ಟ್ ಬದಲು ಒಂದು ಪುಟದ ಚೌಕಟ್ಟು ಮೊದಲೇ ಕಳ್ಸಿ, "ಈ ದಿಕ್ಕು ಸರಿನಾ" ಅಂತ ಕೇಳಿ. ಕೆಲವರು ಅದಕ್ಕೂ ಗೊಣಗ್ತಾರೆ, ಆದ್ರೆ ಅರ್ಧ ದಾರೀಲಿ ಬರೋ ಎರಡು ಸಾಲಿನ ಟೀಕೆ ತಡ್ಕೊಳ್ಳೋದು ಕೊನೇಲಿ ಬರೋ ನಲವತ್ತಕ್ಕಿಂತ ಸುಲಭ. ಮೇಲಿನವರು ಬರೀ ಚುಚ್ಚೋಕೇ ತಿದ್ದುವವರು ಅನ್ನೋದು ಖಚಿತ ಆದ್ರೆ ಅದು ಕೆಲಸದ ಜಾಗದ ಸಮಸ್ಯೆ, ಅದಕ್ಕೆ ಯಾವ ರೊಟೀನೂ ಮದ್ದಲ್ಲ.

ಒಂದು ಎಚ್ಚರಿಕೆ ಇದೆ. ನೀವು ಎರಡು ವಾರ 9ರವರೆಗೂ ಏಳಲ್ಲ ಅಂದ್ರಲ್ಲ, ಆ ದಿನಗಳಲ್ಲಿ ಬೇರೆ ಇಷ್ಟದ ವಿಷ್ಯಗಳಲ್ಲೂ ಆಸಕ್ತಿ ಹೋಗತ್ತಾ, ಬೆಳಗ್ಗೆ ಹೊತ್ತು ಮನಸ್ಸು ತುಂಬಾ ಭಾರ ಇದ್ದು ಸಂಜೆ ಹೊತ್ತಿಗೆ ಸ್ವಲ್ಪ ಹಗುರ ಆಗತ್ತಾ, ಬದುಕೇ ಬೇಡ ಅನ್ಸತ್ತಾ ಅಂತ ನೋಡ್ಕೊಳ್ಳಿ. ಹೌದಾದ್ರೆ ಅದು ಡಿಪ್ರೆಶನ್ ಇರ್ಬಹುದು, ಕಾಯದೇ ಮನೋವೈದ್ಯರನ್ನ ನೋಡಿ, ಬದುಕು ಬೇಡ ಅನ್ಸಿದ್ರೆ ಅವತ್ತೇ, ಒಬ್ಬರೇ ಇರ್ಬೇಡಿ. ಚಿಕ್ಕಂದಿನಿಂದ್ಲೂ ಎಲ್ಲಾ ಕೆಲಸದಲ್ಲೂ ಹಿಂಗೇ, ವಸ್ತು ಕಳ್ಕೊಳ್ಳೋದು, ಮಧ್ಯೆ ಬಿಡೋದು, ಇಷ್ಟದ ಕೆಲಸಾನೂ ಮುಗಿಸಕ್ಕಾಗದೇ ಇರೋದು ಅಂದ್ರೆ ಎಡಿಎಚ್‌ಡಿ (ಚಿಕ್ಕಂದಿನಿಂದ್ಲೇ ಇರೋ ಗಮನ ನಿಲ್ಲದ ತೊಂದರೆ) ಇದೆಯಾ ಅಂತ ಪರೀಕ್ಷೆ ಮಾಡಿಸ್ಬೇಕು. ಎಂಟು ಗಂಟೆ ಮಲಗಿದ್ರೂ ಸುಸ್ತು ಇದ್ರೆ ರಕ್ತಹೀನತೆ, ಥೈರಾಯ್ಡ್ ನೋಡ್ಸಿ, ಜೋರು ಗೊರಕೆ ಇದ್ರೆ ಸ್ಲೀಪ್ ಆಪ್ನಿಯಾ (ನಿದ್ದೇಲಿ ಆಗಾಗ ಉಸಿರು ನಿಲ್ಲೋದು) ಕೂಡ. ಇವ್ಯಾವ್ದೂ ಹಠದಿಂದ ಹೋಗೋ ತೊಂದರೆಗಳಲ್ಲ.

ನಾಲ್ಕೈದು ವಾರ ಮೊದಲನೇ ದಾರಿ ಹಿಡಿದು ನೋಡಿ, ಒಂದೇ ಒಂದು ಅಂಕಿ ಬರೆದಿಡಿ, ದಿನಾ ರಿಪೋರ್ಟ್ ಫೈಲ್ ಓಪನ್ ಆದ ಟೈಮ್. ಎಷ್ಟಕ್ಕೆ ಎದ್ರಿ ಅಂತ ಬರೀಬೇಡಿ. ಆ ಅಂಕಿ 3 ಗಂಟೆಯಿಂದ ಹಿಂದಕ್ಕೆ ಸರೀತಾ ಇದ್ರೆ ಸರಿ ದಾರೀಲಿದೀರಿ, ಮಧ್ಯೆ ತಪ್ಪಿದ ದಿನಗಳ ಜಾಗ ಖಾಲಿ ಬಿಡಿ. ಏನೂ ಸರೀದೇ ಇದ್ರೆ ಆ ಹಾಳೆ ತಗೊಂಡು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಹೋಗಿ, ಮೊದಲ ಭೇಟೀಲಿ ಅವರು ಕೇಳೋ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅದರಲ್ಲೇ ಉತ್ತರ ಇರತ್ತೆ.